ಮುಖ ನೋಡಿ ಮಣೆ ಹಾಕದ ವಿಶ್ವಾಸ: ಜನಾಂಗೀಯ ಪೂರ್ವಗ್ರಹವನ್ನು ಬಿಡಲು ಕ್ರೈಸ್ತರಿಗೊಂದು ಮಾರ್ಗದರ್ಶಿ

ಅಪೊಸ್ತಲನಾದ ಪೇತ್ರನು ರೋಮನ್ ಶತಾಧಿಪತಿ ಕೊರ್ನೇಲ್ಯನ ಮನೆಗೆ ಹೋಗಿಬಂದ ಸುದ್ದಿ ಯೆರೂಸಲೇಮನ್ನು ಮುಟ್ಟಿದಾಗ ಅಲ್ಲಿನ ವಿಶ್ವಾಸಿಗಳು ಅವನನ್ನು ಆಕ್ಷೇಪಿಸಿದರು. ಅನ್ಯಜನರಿಗೆ, ಎಂದರೆ ಯೆಹೂದ್ಯರಲ್ಲದವರಿಗೆ, ಸುವಾರ್ತೆಯನ್ನು ಯಾಕೆ ಸಾರಿದೆ ಎಂದು ಅವರು ಕೇಳಲಿಲ್ಲ. ಸುನ್ನತಿಯಿಲ್ಲದವರ ಮನೆಗೆ ಹೋಗಿ ಅವರ ಜೊತೆಯಲ್ಲಿ ಕುಳಿತು ಊಟ ಮಾಡಿದೆಯಲ್ಲ ಎಂದು ಕೇಳಿದರು. ಅಪೊಸ್ತಲರ ಕೃತ್ಯಗಳು 11ನೇ ಅಧ್ಯಾಯದ ಈ ಮಾತನ್ನು ನಾನು ಎಷ್ಟೋ ವರ್ಷ ಸುಮ್ಮನೆ ಓದಿಕೊಂಡು ಹೋಗಿದ್ದೆ. ಈಗ ನನಗೆ ಇಡೀ ವಿಷಯದ ಕೀಲಿ ಅಲ್ಲೇ ಇದೆ ಅನ್ನಿಸುತ್ತದೆ. ಬೇರೆ ಜನಾಂಗದವರಿಗಾಗಿ ಪ್ರಾರ್ಥಿಸುವುದು, ಅವರ ನಾಡಿಗೆ ಕಾಣಿಕೆ ಕಳುಹಿಸುವುದು, ಪರಲೋಕದಲ್ಲಿ ಎಲ್ಲರೂ ಒಂದೇ ಎಂದು ಹಾಡುವುದು ಯಾರಿಗೂ ಕಷ್ಟವಲ್ಲ. ಪಕ್ಕದಲ್ಲಿ ಕುಳಿತು ಒಂದೇ ತಟ್ಟೆಗೆ ಕೈ ಹಾಕುವ ಹೊತ್ತಿಗೆ ಮನಸ್ಸು ಹಿಂದೆ ಸರಿಯುತ್ತದೆ.

ಮೈಬಣ್ಣ, ಮುಖಚರ್ಯೆ, ಮಾತಿನ ಧಾಟಿ, ಹುಟ್ಟಿದ ಜನಾಂಗ, ಇವುಗಳನ್ನು ನೋಡಿ ಮನುಷ್ಯರನ್ನು ಅಳೆಯುವ ಅಭ್ಯಾಸ ತನ್ನಲ್ಲಿದೆ ಎಂದು ಒಪ್ಪಿಕೊಂಡು, ಅದನ್ನು ಬಿಡಬೇಕೆಂದು ನಿಜವಾಗಿ ಬಯಸುವ ಕ್ರೈಸ್ತನಿಗಾಗಿ ಈ ಬರಹ. ಹೆಜ್ಜೆಗಳನ್ನು ಒಂದರ ನಂತರ ಒಂದರಂತೆ ಬರೆದಿದ್ದೇನೆ. ಆದರೆ ಬದುಕಿನಲ್ಲಿ ಅವು ಒಂದರೊಳಗೊಂದು ಸೇರಿಕೊಂಡೇ ಬರುತ್ತವೆ.

ಮೊದಲ ಹೆಜ್ಜೆ: ಅದನ್ನು ಪಾಪವೆಂದೇ ಕರೆಯಿರಿ

"ನನಗೆ ಅಭ್ಯಾಸವಿಲ್ಲ", "ನಮ್ಮ ಹಿರಿಯರ ಕಾಲದಿಂದ ಹಾಗೆ", "ಮನಸ್ಸಿನಲ್ಲಿ ಕೆಟ್ಟದ್ದೇನೂ ಇಲ್ಲ" ಎಂಬ ಮಾತುಗಳನ್ನು ಮೊದಲು ಬದಿಗಿಡಿ. ಯಾಕೋಬನ ಪತ್ರಿಕೆಯ 2ನೇ ಅಧ್ಯಾಯ ತೆರೆಯಿರಿ. ಚಿನ್ನದ ಉಂಗುರ ತೊಟ್ಟವನು ಸಭೆಗೆ ಬಂದರೆ ಒಳ್ಳೆಯ ಆಸನ, ಕೊಳಕು ಬಟ್ಟೆಯವನು ಬಂದರೆ ಕಾಲ್ಮಣೆಯ ಹತ್ತಿರ ಜಾಗ. ಮುಖ ನೋಡಿ ಮಣೆ ಹಾಕುವುದು ಎಂಬ ನಮ್ಮ ಗಾದೆಯನ್ನು ಯಾಕೋಬನು ಚಿತ್ರವಾಗಿ ಬರೆದಂತಿದೆ. ಅಲ್ಲಿನ ಉದಾಹರಣೆ ಬಡವ ಬಲ್ಲಿದರದು, ನಿಜ. ಆದರೆ ಅವನು ಕೊಡುವ ತೀರ್ಪು ಪಕ್ಷಪಾತಕ್ಕೇ ಅನ್ವಯಿಸುತ್ತದೆ: ಹಾಗೆ ಮಾಡುವವರು ಪಾಪ ಮಾಡುತ್ತಾರೆ. ಅಸಭ್ಯತೆ ಎಂದೋ ತಿಳಿವಳಿಕೆಯ ಕೊರತೆ ಎಂದೋ ಅವನು ಅದನ್ನು ಮೃದುಗೊಳಿಸುವುದಿಲ್ಲ.

ಹೆಸರಿಟ್ಟು ಕರೆಯುವುದರಿಂದ ಒಂದು ಉಪಯೋಗವಿದೆ. ಪಾಪಕ್ಕೆ ಏನು ಮಾಡಬೇಕೆಂದು ಕ್ರೈಸ್ತನಿಗೆ ಗೊತ್ತು: ಒಪ್ಪಿಕೊಳ್ಳಬೇಕು, ತಿರುಗಿಕೊಳ್ಳಬೇಕು, ಕೆಟ್ಟದ್ದನ್ನು ಸರಿಪಡಿಸಬೇಕು. ಬರೀ ಸ್ವಭಾವ ಎಂದು ಬಿಟ್ಟರೆ ಮಾಡುವಂಥದ್ದು ಏನೂ ಉಳಿಯುವುದಿಲ್ಲ.

ಎರಡನೆಯ ಹೆಜ್ಜೆ: ತಪ್ಪು ಓದನ್ನು ಕಿತ್ತುಹಾಕಿ

ಮನಸ್ಸು ಬದಲಾಗಲಿ ಎಂದು ಸತ್ಯವೇದ ತೆರೆಯುವ ಮುನ್ನ, ಅದೇ ಸತ್ಯವೇದವನ್ನು ಹಿಡಿದು ಕ್ರೈಸ್ತರು ಏನೇನು ಮಾಡಿದ್ದಾರೆ ಎಂಬುದು ತಿಳಿದಿರಬೇಕು. ಆದಿಕಾಂಡ 9ರಲ್ಲಿ ನೋಹನು ಕುಡಿದು ಮಲಗಿದ ಪ್ರಸಂಗ ಬರುತ್ತದೆ. ಹಾಮನ ಸಂತತಿಗೆ ಶಾಪ ತಗುಲಿತು, ಆಫ್ರಿಕದವರು ಹಾಮನ ವಂಶದವರು, ಆದ್ದರಿಂದ ಅವರು ಗುಲಾಮರಾಗಿರುವುದು ದೈವಚಿತ್ತ ಎಂದು ಶತಮಾನಗಳ ಕಾಲ ಬೋಧಿಸಲಾಯಿತು. ಆ ಅಧ್ಯಾಯವನ್ನು ನೀವೇ ನಿಧಾನವಾಗಿ ಓದಿ. ಶಾಪದ ಮಾತು ಹಾಮನ ಮೇಲಲ್ಲ, ಅವನ ಮಗ ಕಾನಾನನ ಮೇಲಿದೆ. ಅದನ್ನು ನುಡಿದವನು ಅಮಲಿನಿಂದ ಎಚ್ಚೆತ್ತ ನೋಹ, ದೇವರಲ್ಲ. ಮೈಬಣ್ಣದ ಪ್ರಸ್ತಾಪ ಒಂದು ಅಕ್ಷರವೂ ಇಲ್ಲ.

1807ರಲ್ಲಿ ಲಂಡನ್ನಿನಲ್ಲಿ ವೆಸ್ಟ್ ಇಂಡೀಸಿನ ಗುಲಾಮರಿಗೆಂದೇ ಆಯ್ದ ಭಾಗಗಳ ಸತ್ಯವೇದವೊಂದನ್ನು ಅಚ್ಚು ಹಾಕಿಸಿದರು. ಇಸ್ರಾಯೇಲ್ಯರು ಐಗುಪ್ತದ ದಾಸತ್ವದಿಂದ ಬಿಡುಗಡೆಯಾದ ಕಥೆ ಅದರಲ್ಲಿ ಇರಲಿಲ್ಲ. ಕ್ರಿಸ್ತನಲ್ಲಿ ಯೆಹೂದ್ಯನೂ ಗ್ರೀಕನೂ ಎಂಬ ಭೇದವಿಲ್ಲ, ಆಳೂ ಒಡೆಯನೂ ಎಂಬ ಭೇದವಿಲ್ಲ ಎನ್ನುವ ಗಲಾತ್ಯ 3:28 ಕೂಡ ಇರಲಿಲ್ಲ. ಆ ವಾಕ್ಯಗಳಿಗೆ ಎಷ್ಟು ಬಲವಿದೆ ಎಂಬುದು ಅವನ್ನು ತೆಗೆದುಹಾಕಿದವರಿಗೆ ಚೆನ್ನಾಗಿ ತಿಳಿದಿತ್ತು. ಯೇಸುವನ್ನು ಕೊಂದವರು ಎಂಬ ಹಣೆಪಟ್ಟಿ ಹಚ್ಚಿ ಯೆಹೂದ್ಯರನ್ನು ದ್ವೇಷಿಸಿದ್ದೂ ಇಂಥದ್ದೇ ಓದಿನಿಂದ. ಯೇಸುವಿನ ಮರಣದ ಹೊಣೆಯನ್ನು ಅಂದಿನ ಎಲ್ಲ ಯೆಹೂದ್ಯರ ಮೇಲಾಗಲಿ ಇಂದಿನವರ ಮೇಲಾಗಲಿ ಹೊರಿಸಬಾರದು ಎಂದು ಕಥೋಲಿಕ ಸಭೆ ಎರಡನೆಯ ವ್ಯಾಟಿಕನ್ ಮಹಾಸಭೆಯಲ್ಲಿ ಸ್ಪಷ್ಟವಾಗಿ ಸಾರಿದ್ದು 1965ರಲ್ಲಿ. ಯೇಸು, ಮರಿಯಳು, ಪೇತ್ರ, ಪೌಲ ಎಲ್ಲರೂ ಯೆಹೂದ್ಯರೇ ಎಂಬ ಸರಳ ಸಂಗತಿ ನೆನಪಿದ್ದರೆ ಅಷ್ಟು ಕಾಲ ಬೇಕಾಗುತ್ತಿರಲಿಲ್ಲ.

ಇನ್ನು ಓದಬೇಕಾದದ್ದು. ಅರಣ್ಯಕಾಂಡ 12ರಿಂದ ಆರಂಭಿಸಿ. ಮೋಶೆ ಆಫ್ರಿಕದ ಕೂಷ್ ದೇಶದ ಹೆಣ್ಣನ್ನು ಮದುವೆಯಾದದ್ದಕ್ಕೆ ಅವನ ಸ್ವಂತ ಅಕ್ಕ ಮಿರ್ಯಾಮಳೂ ಅಣ್ಣ ಆರೋನನೂ ಗೊಣಗುತ್ತಾರೆ. ದೇವರ ಸಿಟ್ಟು ಮದುವೆಯ ಮೇಲೆ ಬೀಳುವುದಿಲ್ಲ, ಗೊಣಗಿದವರ ಮೇಲೆ ಬೀಳುತ್ತದೆ. ಮಿರ್ಯಾಮಳು ಏಳು ದಿನ ಪಾಳೆಯದ ಹೊರಗಿರಬೇಕಾಗುತ್ತದೆ. ಅವಳು ಒಳಗೆ ಬರುವ ತನಕ ಜನರು ಮುಂದಕ್ಕೆ ಹೊರಡಲಿಲ್ಲ ಎಂಬ ಸಾಲನ್ನು ಬಿಡಬೇಡಿ. ತಪ್ಪು ಮಾಡಿದವಳಿಗೆ ಶಿಕ್ಷೆಯಾಯಿತು, ಆದರೆ ಅವಳನ್ನು ಯಾರೂ ಅಲ್ಲೇ ಬಿಟ್ಟು ಹೋಗಲಿಲ್ಲ. ನಂತರ ಲೂಕ 10ರ ಸಮಾರ್ಯದವನು, ಯೋಹಾನ 4ರ ಬಾವಿಕಟ್ಟೆ, ಕೃತ್ಯಗಳು 8ರ ಐಥಿಯೋಪ್ಯದ ಅಧಿಕಾರಿ. ಕೃತ್ಯಗಳು 13:1ರಲ್ಲಿ ಅಂತಿಯೋಕ್ಯದ ಸಭೆಯ ಮುಂದಾಳುಗಳ ಪಟ್ಟಿಯಿದೆ: ಬಾರ್ನಬ, ನಿಗರ್ ಎನಿಸಿಕೊಳ್ಳುವ ಸಿಮೆಯೋನ, ಕುರೇನ್ಯದ ಲೂಕ್ಯ, ಮೆನಹೇನ, ಸೌಲ (ಎಂದರೆ ಪೌಲ). ನಿಗರ್ ಎಂದರೆ ಲ್ಯಾಟಿನ್ನಿನಲ್ಲಿ ಕಪ್ಪು. ಕುರೇನ್ಯ ಇರುವುದು ಉತ್ತರ ಆಫ್ರಿಕದಲ್ಲಿ. ಬಾರ್ನಬ ಮತ್ತು ಪೌಲನ ಮೇಲೆ ಕೈಯಿಟ್ಟು ಪ್ರಾರ್ಥಿಸಿ ಅವರನ್ನು ಸುವಾರ್ತೆಯ ಕೆಲಸಕ್ಕೆ ಕಳುಹಿಸಿಕೊಟ್ಟವರು ಇವರಲ್ಲಿ ಉಳಿದವರು.

ಎಫೆಸ 2:14ಕ್ಕೆ ಬಂದಾಗ ಸ್ವಲ್ಪ ನಿಲ್ಲಿ. ಕ್ರಿಸ್ತನು ಅಡ್ಡಗೋಡೆಯನ್ನು ಕೆಡವಿದನು ಎಂದು ಪೌಲನು ಬರೆಯುತ್ತಾನೆ. ಯೆರೂಸಲೇಮಿನ ದೇವಾಲಯದಲ್ಲಿ ಅನ್ಯಜನರು ಇಲ್ಲಿಂದ ಮುಂದೆ ಬರಕೂಡದು ಎನ್ನುವ ತಡೆಗೋಡೆಯೊಂದಿತ್ತು. ಅದರ ಮೇಲಿದ್ದ ಎಚ್ಚರಿಕೆಯ ಕಲ್ಲುಗಳಲ್ಲಿ ಒಂದು 1871ರಲ್ಲಿ ಸಿಕ್ಕಿತು, ಈಗ ಇಸ್ತಾಂಬುಲ್‌ನ ವಸ್ತುಸಂಗ್ರಹಾಲಯದಲ್ಲಿದೆ. ಗ್ರೀಕ್ ಭಾಷೆಯ ಏಳು ಸಾಲು. ದಾಟಿ ಒಳಬಂದವನು ತನ್ನ ಸಾವಿಗೆ ತಾನೇ ಹೊಣೆ ಎಂಬುದು ಅದರ ತಾತ್ಪರ್ಯ. ಪೌಲನ ಮಾತನ್ನು ಕೇಳಿದವರಲ್ಲಿ ಹಲವರಿಗೆ ಕಣ್ಣಮುಂದೆ ಬಂದಿರಬಹುದಾದದ್ದು ಆ ಕಲ್ಲು. (ಗೋಡೆ ಇದ್ದದ್ದು ಯೆಹೂದ್ಯರ ತಪ್ಪು ಎಂದು ಮಾತ್ರ ತಿಳಿಯಬೇಡಿ. ಪರದೇಶಿಯನ್ನು ನಿನ್ನಂತೆಯೇ ಪ್ರೀತಿಸು ಎಂಬ ಆಜ್ಞೆ ಯಾಜಕಕಾಂಡ 19ರಲ್ಲಿ ಮೊದಲೇ ಇದೆ. ಗೋಡೆ ಕಟ್ಟದ ಜನಾಂಗ ಯಾವುದೂ ಇಲ್ಲ.)

ಮೂರನೆಯ ಹೆಜ್ಜೆ: ನಿಮ್ಮ ಕೈಯಲ್ಲಿರುವ ಪಟ್ಟಿಗಳನ್ನು ನೋಡಿ

ಮನಸ್ಸನ್ನು ಪರೀಕ್ಷಿಸಿಕೊಳ್ಳಿ ಎಂದರೆ ನಾವೆಲ್ಲ ಪಾಸಾಗಿಬಿಡುತ್ತೇವೆ, ಏಕೆಂದರೆ ಅಲ್ಲಿ ಪ್ರಶ್ನೆ ಕೇಳುವವರೂ ಉತ್ತರಿಸುವವರೂ ನಾವೇ. ಅದರ ಬದಲು ಪಟ್ಟಿಗಳನ್ನು ನೋಡಿ. ಫೋನಿನಲ್ಲಿ ಹೆಚ್ಚು ಮಾತನಾಡುವವರು ಯಾರು, ಕಳೆದ ವರ್ಷ ಮನೆಗೆ ಊಟಕ್ಕೆ ಬಂದವರು ಯಾರು, ಕಷ್ಟದಲ್ಲಿ ಸಲಹೆ ಕೇಳಿದ್ದು ಯಾರ ಹತ್ತಿರ. ಕಾಗದದ ಮೇಲೆ ಹೆಸರು ಬರೆಯಿರಿ.

ಇದನ್ನು ನಾನು ಕಲಿತದ್ದು ಒಂದು ಪಟ್ಟಿಯಿಂದಲೇ. ಭಾನುವಾರದ ಆರಾಧನೆಯಲ್ಲಿ ವೇದಪಾಠ ಓದುವವರ ಹೆಸರುಗಳನ್ನು ಬರೆದಿಡುವ ಕೆಲಸ ಕೆಲವು ವರ್ಷ ನನ್ನ ಪಾಲಿಗಿತ್ತು. ನನ್ನದಲ್ಲದ ಜನಾಂಗದ ಒಬ್ಬರು ನಮ್ಮ ಸಭೆಗೆ ಮೂರು ವರ್ಷದಿಂದ ತಪ್ಪದೆ ಬರುತ್ತಿದ್ದರು. ಎಲ್ಲರಿಗಿಂತ ಮೊದಲು ಬಂದು ಕುರ್ಚಿ ಸಾಲು ಮಾಡುತ್ತಿದ್ದರು, ಎಲ್ಲರೂ ಹೋದ ಮೇಲೆ ಮಡಿಸಿಡುತ್ತಿದ್ದರು. ಒಂದು ದಿನ ಕುರ್ಚಿಯೊಂದನ್ನು ಕೈಯಲ್ಲಿ ಹಿಡಿದುಕೊಂಡೇ ನನ್ನ ಬಳಿ ಬಂದು, "ಓದುವವರ ಪಟ್ಟಿಗೆ ಸೇರಲು ಏನಾದರೂ ಪರೀಕ್ಷೆ ಇದೆಯೇ?" ಎಂದು ಕೇಳಿದರು. ಚುಚ್ಚಿ ಕೇಳಿದ್ದಲ್ಲ, ಅವರಿಗೆ ನಿಜವಾಗಿಯೂ ತಿಳಿಯಬೇಕಿತ್ತು. ಪರೀಕ್ಷೆ ಯಾವುದೂ ಇರಲಿಲ್ಲ. ಅವರ ಉಚ್ಚಾರಣೆ ಜನರಿಗೆ ಅರ್ಥವಾಗಲಿಕ್ಕಿಲ್ಲ ಎಂದು ನಾನೇ, ಅವರನ್ನು ಒಮ್ಮೆಯೂ ಕೇಳದೆ, ಅವರು ಓದುವುದನ್ನು ಒಮ್ಮೆಯೂ ಆಲಿಸದೆ, ತೀರ್ಮಾನ ಮಾಡಿಬಿಟ್ಟಿದ್ದೆ. ಕುರ್ಚಿ ಎತ್ತಿಡುವುದಕ್ಕೆ ಮಾತ್ರ ಅವರ ಉಚ್ಚಾರಣೆ ನನಗೆ ಅಡ್ಡಿಯಾಗಿರಲಿಲ್ಲ.

ನಾನು ತಪ್ಪನ್ನು ಒಪ್ಪಿಕೊಂಡಾಗ ಅವರು ಹೆಚ್ಚು ಮಾತನಾಡಲಿಲ್ಲ. "ನನ್ನ ಹೆಸರೊಂದನ್ನೇ ಬರೆಯಬೇಡಿ, ಹಿಂದಿನ ಸಾಲಿನಲ್ಲಿ ಕೂರುವ ಆ ಅಮ್ಮನನ್ನೂ ಕೇಳಿ" ಎಂದರು. ಆ ಅಮ್ಮನ ಹೆಸರು ನನಗೆ ಗೊತ್ತಿರಲಿಲ್ಲ.

ನಿಮ್ಮ ಕೈಯಲ್ಲಿ ಯಾವ ಪಟ್ಟಿಯಿದೆ? ಕೆಲಸಕ್ಕೆ ಆಳು ತೆಗೆದುಕೊಳ್ಳುವುದೇ, ಬಾಡಿಗೆಗೆ ಮನೆ ಕೊಡುವುದೇ, ತರಗತಿಯಲ್ಲಿ ಯಾರನ್ನು ಮುಂದೆ ಕೂರಿಸುವುದೆಂದು ನಿರ್ಧರಿಸುವುದೇ, ಮಗಳಿಗೆ ಸಂಬಂಧ ಹುಡುಕುವುದೇ? ಪಶ್ಚಾತ್ತಾಪ ಅಲ್ಲಿಂದಲೇ ಆರಂಭವಾಗಲಿ.

ನಾಲ್ಕನೆಯ ಹೆಜ್ಜೆ: ಅತಿಥಿಯಾಗಿ ಹೋಗಿ

ಕೃತ್ಯಗಳು 10ನೇ ಅಧ್ಯಾಯವನ್ನು ಒಮ್ಮೆ ಕಣ್ಣಿಗೆ ಕಟ್ಟುವಂತೆ ಓದಿ. ಯೊಪ್ಪ ಎಂಬ ಬಂದರು, ಸಮುದ್ರದ ದಡದಲ್ಲಿ ತೊಗಲು ಹದಮಾಡುವ ಸೀಮೋನನ ಮನೆ, ಮಧ್ಯಾಹ್ನದ ಹೊತ್ತು. ಪೇತ್ರನು ಮಾಳಿಗೆಯ ಮೇಲೆ ಪ್ರಾರ್ಥನೆಗೆ ಕುಳಿತಿದ್ದಾನೆ, ಹೊಟ್ಟೆ ಹಸಿದಿದೆ. ಆಕಾಶದಿಂದ ಜೋಲಿಯಂಥ ದೊಡ್ಡ ಬಟ್ಟೆ ಇಳಿಯುತ್ತದೆ. ಅದರಲ್ಲಿ ಅವನು ಹುಟ್ಟಿದಂದಿನಿಂದ ಮುಟ್ಟದ ಪ್ರಾಣಿಗಳಿವೆ. ಕೊಯ್ದು ತಿನ್ನು ಎಂಬ ವಾಣಿ ಮೂರು ಸಲ ಆಗುತ್ತದೆ. ಪೇತ್ರನಿಗೆ ಅರ್ಥವಾಗುವುದಿಲ್ಲ. ಅವನು ಇನ್ನೂ ಯೋಚಿಸುತ್ತಿರುವಾಗಲೇ ಕೊರ್ನೇಲ್ಯನು ಕಳುಹಿಸಿದ ಮೂವರು ಕೆಳಗೆ ಬಾಗಿಲಲ್ಲಿ ನಿಂತು ಹೆಸರು ಹಿಡಿದು ಕೂಗುತ್ತಾರೆ.

ದರ್ಶನದ ಅರ್ಥ ಪೇತ್ರನಿಗೆ ಮಾಳಿಗೆಯ ಮೇಲೆ ಆಗಲಿಲ್ಲ. ಬಂದವರನ್ನು ಆ ರಾತ್ರಿ ಅಲ್ಲೇ ಉಳಿಸಿಕೊಂಡು ಉಪಚರಿಸಿದನು. ಮರುದಿನ ಅವರ ಜೊತೆ ಕೈಸರೈಯಕ್ಕೆ ನಡೆದನು, ಸುಮಾರು 50 ಕಿಲೋಮೀಟರ್ ದೂರ. ಕೊರ್ನೇಲ್ಯನ ಹೊಸ್ತಿಲು ದಾಟಿ, ನೆಂಟರಿಷ್ಟರಿಂದ ತುಂಬಿದ ಮನೆಯೊಳಗೆ ನಿಂತ ಮೇಲೆ, ದೇವರು ಪಕ್ಷಪಾತಿಯಲ್ಲವೆಂದು ಈಗ ತಿಳಿಯಿತು ಎಂದನು. ಮೊದಲು ಮನಸ್ಸು ಪೂರ್ತಿ ಶುದ್ಧವಾಗಲಿ, ಆಮೇಲೆ ಹೋಗುತ್ತೇನೆ ಎಂದು ಕಾಯುತ್ತ ಕೂರುವವರು ಇದನ್ನು ಗಮನಿಸಬೇಕು. ಅವನ ಕಾಲು ಮೊದಲು ಹೊರಟಿತು, ತಿಳಿವಳಿಕೆ ಆಮೇಲೆ ಬಂತು.

ನೀವು ಮಾಡಬೇಕಾದದ್ದೂ ಇಷ್ಟೇ, ಆದರೆ ಸುಲಭವಲ್ಲ. ಬೇರೆ ಜನಾಂಗದವರನ್ನು ನಿಮ್ಮ ಮನೆಗೆ ಕರೆದು ಉಪಚರಿಸುವುದು ಒಳ್ಳೆಯದು. ಆದರೂ ಅಲ್ಲಿ ಯಜಮಾನರು ನೀವೇ, ರೀತಿ ರಿವಾಜು ನಿಮ್ಮದೇ. ಅವರು ಕರೆದಾಗ ಹೋಗಿ. ಬಡಿಸಿದ್ದನ್ನು ಉಣ್ಣಿ. ಅವರ ಪ್ರಾರ್ಥನಾಕೂಟದಲ್ಲಿ ಹಿಂದಿನ ಸಾಲಿನಲ್ಲಿ ಕುಳಿತು, ಗೊತ್ತಿಲ್ಲದ ಹಾಡಿಗೆ ತುಟಿ ಅಲ್ಲಾಡಿಸಿ. ಅಲ್ಪಸಂಖ್ಯಾತನಾಗಿ ಎರಡು ಗಂಟೆ ಕೂರುವುದೆಂದರೆ ಏನೆಂದು ಮೈಗೆ ತಿಳಿಯಲಿ. ಕೊರ್ನೇಲ್ಯನು ಕಾಲಿಗೆ ಬಿದ್ದಾಗ ಪೇತ್ರನು ಅವನನ್ನು ಎತ್ತಿ, ನಾನೂ ಮನುಷ್ಯನೇ ಎಂದನು. ಉಪಕಾರ ಮಾಡಲು ಬಂದ ದೊಡ್ಡ ಮನುಷ್ಯನಂತೆ ನೀವೂ ನಡೆದುಕೊಳ್ಳಬೇಡಿ.

ಒಂದು ಎಚ್ಚರಿಕೆ. ಮೊದಲ ಭೇಟಿಯಲ್ಲೇ ಅವರ ಜನಾಂಗ ಅನುಭವಿಸಿದ ನೋವಿನ ಕಥೆ ಹೇಳಿ ಎಂದು ಕೇಳಬೇಡಿ. ಅವರು ನಿಮ್ಮ ಪಾಠಪುಸ್ತಕವಲ್ಲ. ಮಕ್ಕಳ ಓದು, ಕೆಲಸ, ಮಂಡಿನೋವು, ಇವುಗಳ ಬಗ್ಗೆ ಮಾತನಾಡಿ. ಗೆಳೆತನ ಬೆಳೆದರೆ ಉಳಿದದ್ದು ತಾನಾಗಿ ಬರುತ್ತದೆ.

ಐದನೆಯ ಹೆಜ್ಜೆ: ಕ್ಷಮೆ ಕೇಳುವಾಗ

ನಿಮ್ಮಿಂದ ಯಾರಿಗೋ ನೇರವಾಗಿ ನೋವಾಗಿದ್ದರೆ ಅವರ ಬಳಿ ಹೋಗಿ, ಏನು ಮಾಡಿದಿರಿ ಎಂಬುದನ್ನು ಒಂದೇ ವಾಕ್ಯದಲ್ಲಿ ಹೇಳಿ. "ನಿಮಗೆ ಬೇಸರವಾಗಿದ್ದರೆ ಕ್ಷಮಿಸಿ" ಎಂಬುದು ಕ್ಷಮಾಪಣೆಯಲ್ಲ. "ನಾನು ನಿಮ್ಮ ಬಗ್ಗೆ ಹೀಗೆ ಮಾತನಾಡಿದೆ, ಅದು ತಪ್ಪು" ಎಂದು ಹೇಳಿ. ಅವರ ಮುಂದೆ ಅತ್ತು ಅವರೇ ನಿಮ್ಮನ್ನು ಸಂತೈಸುವಂತೆ ಮಾಡಬೇಡಿ. ಅಳು ಬಂದರೆ ಅದನ್ನು ದೇವರ ಮುಂದೆ ಸುರಿಯಿರಿ. ತಕ್ಷಣ ಕ್ಷಮಿಸಲೇಬೇಕು ಎಂದು ವಾಕ್ಯ ತೋರಿಸಿ ಒತ್ತಾಯಿಸಲೂ ಬೇಡಿ.

ಲೂಕ 19ರ ಸುಂಕದವನಾದ ಜಕ್ಕಾಯನನ್ನು ನೆನೆಯಿರಿ. ಅವನು ಕಣ್ಣೀರಿಟ್ಟ ಎಂದು ಲೂಕನು ಬರೆದಿಲ್ಲ. ಅನ್ಯಾಯವಾಗಿ ತೆಗೆದುಕೊಂಡದ್ದಕ್ಕೆ ನಾಲ್ಕರಷ್ಟು ಕೊಡುತ್ತೇನೆಂದು ಅವನು ಹೇಳಿದ್ದನ್ನು ಬರೆದಿದ್ದಾನೆ. ನಿಮ್ಮ ಪೂರ್ವಗ್ರಹದಿಂದ ಒಬ್ಬರ ಕೆಲಸ, ಬಡ್ತಿ, ಒಳ್ಳೆಯ ಹೆಸರು ಹೋಗಿದ್ದರೆ ಅದನ್ನು ಮರಳಿಸಲು ನಿಮ್ಮ ಕೈಲಾದದ್ದು ಏನೆಂದು ಯೋಚಿಸಿ.

ಆರನೆಯ ಹೆಜ್ಜೆ: ನಿಮ್ಮವರ ನಡುವೆ ಬಾಯಿ ತೆರೆಯಿರಿ

ಕೊರ್ನೇಲ್ಯನ ಮನೆಯಲ್ಲಿ ಉಂಡ ಅದೇ ಪೇತ್ರನು ಅಂತಿಯೋಕ್ಯದಲ್ಲಿ ಜಾರಿದನು. ಗಲಾತ್ಯ 2ರಲ್ಲಿ ಪೌಲನು ಅದನ್ನು ಮುಚ್ಚುಮರೆಯಿಲ್ಲದೆ ಬರೆದಿದ್ದಾನೆ. ಯೆರೂಸಲೇಮಿನ ಸಭೆಯ ಮುಂದಾಳು ಯಾಕೋಬನ ಕಡೆಯವರು ಬರುವ ತನಕ ಪೇತ್ರನು ಅನ್ಯಜನರ ಜೊತೆ ಊಟ ಮಾಡುತ್ತಿದ್ದನು. ಅವರು ಬಂದ ಮೇಲೆ ಮೆಲ್ಲನೆ ಹಿಂದೆಗೆದನು. ಅವನನ್ನು ನೋಡಿ ಉಳಿದ ಯೆಹೂದ್ಯರೂ ಸರಿದರು, ಕಡೆಗೆ ಬಾರ್ನಬನೂ. ಪೇತ್ರನ ಬೋಧನೆ ಬದಲಾಗಿರಲಿಲ್ಲ, ಅವನು ಕೂರುವ ಜಾಗ ಬದಲಾಗಿತ್ತು. ಅದಕ್ಕೆ ಕಾರಣ ದ್ವೇಷವಲ್ಲ, ಭಯ ಎಂದು ಪೌಲನೇ ಹೇಳುತ್ತಾನೆ. ನಮ್ಮಲ್ಲಿ ಬಹಳ ಮಂದಿಯ ಸ್ಥಿತಿಯೂ ಇದೇ ಎಂದು ನನ್ನ ನಂಬಿಕೆ. ಬೇರೆಯವರನ್ನು ದ್ವೇಷಿಸುವುದಕ್ಕಿಂತ ಹೆಚ್ಚಾಗಿ ನಮ್ಮವರು ಏನೆಂದುಕೊಳ್ಳುತ್ತಾರೋ ಎಂದು ಹೆದರುತ್ತೇವೆ. ಪೌಲನು ಎಲ್ಲರ ಎದುರಿಗೇ ಪೇತ್ರನನ್ನು ಪ್ರಶ್ನಿಸಿದನು, ಏಕೆಂದರೆ ಎಲ್ಲರ ಎದುರಿಗೇ ಆದ ಅವಮಾನ ಅದು.

ನೆಂಟರ ನಡುವೆ, ಗೆಳೆಯರ ಗುಂಪಿನಲ್ಲಿ, ಆರಾಧನೆ ಮುಗಿದ ಮೇಲಿನ ಹರಟೆಯಲ್ಲಿ ಯಾರಾದರೂ ಒಂದು ಜನಾಂಗವನ್ನು ಹೀಗಳೆದು ನಗಿಸಿದರೆ ಏನು ಹೇಳಬೇಕೆಂದು ಮೊದಲೇ ತಯಾರು ಮಾಡಿಕೊಳ್ಳಿ. ಆ ಕ್ಷಣದಲ್ಲಿ ಮಾತು ಹೊಳೆಯುವುದಿಲ್ಲ. "ಈ ಮಾತು ನನಗೆ ಸರಿ ಕಾಣುವುದಿಲ್ಲ, ಬಿಡಿ" ಎಂದರೆ ಸಾಕು. ಹಿರಿಯರಾದರೆ, "ದೊಡ್ಡಪ್ಪ, ಅವರೂ ದೇವರ ಸ್ವರೂಪದಲ್ಲಿ ಉಂಟಾದವರಲ್ಲವೇ?" ಎಂದು ಮರ್ಯಾದೆಯಿಂದಲೇ ಕೇಳಬಹುದು. ಉಪನ್ಯಾಸ ಬೇಡ. ಆದರೆ ನಗಬೇಡಿ, ನಗುವೂ ಒಪ್ಪಿಗೆಯೇ. ಮಕ್ಕಳು ಹತ್ತಿರವಿದ್ದರಂತೂ ಸುಮ್ಮನಿರಲೇಬಾರದು. ಭಾನುವಾರ ಶಾಲೆಯಲ್ಲಿ ಕಲಿತದ್ದಕ್ಕಿಂತ ಇಂಥ ಗಳಿಗೆಯಲ್ಲಿ ತಂದೆ ತಾಯಿಯ ಮುಖದಲ್ಲಿ ಕಂಡದ್ದೇ ಅವರಿಗೆ ನೆನಪಿರುತ್ತದೆ.

ಏಳನೆಯ ಹೆಜ್ಜೆ: ಸಭೆಯ ಏರ್ಪಾಡನ್ನು ತಿದ್ದಿ

ಒಬ್ಬೊಬ್ಬರ ಮನಸ್ಸು ಸರಿಹೋದರೆ ಸಭೆ ತಾನಾಗಿ ಸರಿಹೋಗುತ್ತದೆ ಎಂಬುದು ಆಗುವ ಮಾತಲ್ಲ. ಯೆರೂಸಲೇಮಿನ ಸಭೆಯಲ್ಲಿ ಗ್ರೀಕ್ ಮಾತನಾಡುವ ವಿಧವೆಯರು ದಿನದ ಹಂಚಿಕೆಯಲ್ಲಿ ಬಿಟ್ಟುಹೋಗುತ್ತಿದ್ದಾರೆ ಎಂಬ ದೂರು ಬಂದಾಗ ಅಪೊಸ್ತಲರು ಪ್ರೀತಿಯ ಬಗ್ಗೆ ಪ್ರಸಂಗ ಮಾಡಿ ಕಳುಹಿಸಲಿಲ್ಲ. ಹಂಚುವ ಅಧಿಕಾರವನ್ನೇ ಏಳು ಮಂದಿಯ ಕೈಗೆ ಕೊಟ್ಟರು. ಕೃತ್ಯಗಳು 6ರಲ್ಲಿರುವ ಆ ಏಳೂ ಹೆಸರುಗಳು ಗ್ರೀಕ್ ಹೆಸರುಗಳು.

ತಿದ್ದದೆ ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಚರಿತ್ರೆ ಇದೆ. 18ನೇ ಶತಮಾನದ ಕೊನೆಯಲ್ಲಿ ಅಮೆರಿಕದ ಫಿಲಡೆಲ್ಫಿಯದ ಒಂದು ಮೆಥೊಡಿಸ್ಟ್ ಚರ್ಚಿನಲ್ಲಿ ಮೊಣಕಾಲೂರಿ ಪ್ರಾರ್ಥಿಸುತ್ತಿದ್ದ ಕಪ್ಪು ವಿಶ್ವಾಸಿಗಳನ್ನು, ಇದು ನಿಮ್ಮ ಜಾಗವಲ್ಲವೆಂದು ಪ್ರಾರ್ಥನೆಯ ನಡುವೆಯೇ ಹಿಡಿದೆಬ್ಬಿಸಿದರು. ಪ್ರಾರ್ಥನೆ ಮುಗಿಯುವ ತನಕವಾದರೂ ಬಿಡಿ ಎಂದು ಅಬ್ಸಲಮ್ ಜೋನ್ಸ್ ಕೇಳಿಕೊಂಡರೂ ಬಿಡಲಿಲ್ಲ. ಎಲ್ಲರೂ ಒಟ್ಟಾಗಿ ಎದ್ದು ಹೊರನಡೆದರು. ಅವರಲ್ಲಿದ್ದ ರಿಚರ್ಡ್ ಆ್ಯಲನ್ ಮುಂದಾಳುತನದಲ್ಲಿ 1816ರಲ್ಲಿ ಆಫ್ರಿಕನ್ ಮೆಥೊಡಿಸ್ಟ್ ಎಪಿಸ್ಕೋಪಲ್ ಸಭೆ ಸ್ಥಾಪನೆಯಾಯಿತು.

ದಕ್ಷಿಣ ಆಫ್ರಿಕದ ಕಥೆ ಇನ್ನೂ ಸೂಕ್ಷ್ಮ. ಅಲ್ಲಿನ ಡಚ್ ರಿಫಾರ್ಮ್ಡ್ ಸಭೆಯ 1857ರ ಸಿನೊಡ್ (ಸಭೆಯ ಆಡಳಿತ ಸಮ್ಮೇಳನ) ಎಲ್ಲರೂ ಒಂದೇ ಸಭೆಯಲ್ಲಿರುವುದೇ ವೇದಕ್ಕೆ ಒಪ್ಪುವಂಥದ್ದು ಎಂದು ಹೇಳಿತು. ಆದರೆ ಕೆಲವರ ಬಲಹೀನತೆಯ ಕಾರಣದಿಂದ ಬೇರೆ ಬೇರೆ ಆರಾಧನೆಗೆ ಅನುಮತಿಯನ್ನೂ ಕೊಟ್ಟಿತು. ಆ ಬಲಹೀನತೆ ಯಾವುದೆಂದರೆ, ಬಿಳಿಯರಲ್ಲಿ ಕೆಲವರಿಗೆ ಬೇರೆ ಬಣ್ಣದವರೊಂದಿಗೆ ಕರ್ತನ ಭೋಜನ ಹಂಚಿಕೊಳ್ಳಲು ಮನಸ್ಸಿರಲಿಲ್ಲ. 1881ರಲ್ಲಿ ಬೇರೆ ಬಣ್ಣದವರಿಗೆ ಪ್ರತ್ಯೇಕ ಮಿಷನ್ ಸಭೆಯೇ ಆಯಿತು. ಒಂದು ರಿಯಾಯಿತಿ ನಿಯಮವಾಯಿತು, ನಿಯಮಕ್ಕೆ ಆಮೇಲೆ ದೇವಶಾಸ್ತ್ರ ಹುಟ್ಟಿತು, 1948ರ ನಂತರ ಅಪಾರ್ಥೈಡ್ (ವರ್ಣಭೇದ ನೀತಿಯ) ಸರ್ಕಾರಕ್ಕೆ ಅದು ಆಸರೆಯಾಯಿತು. ಕಡೆಗೆ ಆ ಮಿಷನ್ ಸಭೆಯೇ 1982ರಲ್ಲಿ ಬೆಲ್ಹಾರ್ ಎಂಬಲ್ಲಿ ವಿಶ್ವಾಸಪ್ರಮಾಣವೊಂದನ್ನು ರಚಿಸಿ, 1986ರಲ್ಲಿ ಅಂಗೀಕರಿಸಿತು. ಜನರನ್ನು ಹುಟ್ಟಿನಿಂದ ಬೇರ್ಪಡಿಸುವುದು ಸುವಾರ್ತೆಗೇ ವಿರುದ್ಧ ಎಂದು ಅದು ಸಾರುತ್ತದೆ. ನಿಮ್ಮ ಸಭೆಯ ಸಮಿತಿಯಲ್ಲಿ ಯಾರಾದರೂ "ನನಗೇನೂ ಅಭ್ಯಂತರವಿಲ್ಲ, ಆದರೆ ಕೆಲವರಿಗೆ ಇರುಸುಮುರುಸಾಗುತ್ತದೆ" ಎಂದರೆ 1857 ನೆನಪಾಗಲಿ.

ಸಮಿತಿಯ ಮುಂದೆ ಇಡಬಹುದಾದ ಪ್ರಶ್ನೆಗಳು ಸರಳ. ಹಣದ ಲೆಕ್ಕ ಯಾರ ಕೈಯಲ್ಲಿದೆ? ಕರ್ತನ ಭೋಜನ ಹಂಚುವವರು ಯಾರು? ಪೀಠದಲ್ಲಿ ನಿಂತು ಬೋಧಿಸುವವರು ಯಾರು, ಪಾತ್ರೆ ತೊಳೆಯುವವರು ಯಾರು? ಯಾರ ಭಾಷೆಯಲ್ಲಿ ಹಾಡುತ್ತೇವೆ? ಬೇರೆ ಜನಾಂಗದವರೊಬ್ಬರನ್ನು ಹೆಸರಿಗೆ ಸಮಿತಿಗೆ ಸೇರಿಸಿ ಫೋಟೊ ತೆಗೆಸಿಕೊಂಡು ಮುಗಿಸಬೇಡಿ. ಅವರ ಮಾತಿನಿಂದ ಒಂದಾದರೂ ತೀರ್ಮಾನ ಬದಲಾಗಿದೆಯೇ ಎಂದು ವರ್ಷದ ಕೊನೆಯಲ್ಲಿ ಕೇಳಿ.

ನೋವುಂಡವರು ನೀವಾಗಿದ್ದರೆ

ಮೇಲಿನ ಹೆಜ್ಜೆಗಳಲ್ಲಿ ಹೆಚ್ಚಿನವು ನಿಮ್ಮವಲ್ಲ. ನಿಮ್ಮನ್ನು ಅವಮಾನಿಸಿದವರಿಗೆ ಪಾಠ ಹೇಳಿಕೊಡುವ ಹೊರೆಯನ್ನು ನೀವೇ ಹೊರಬೇಕಾಗಿಲ್ಲ. ಕ್ಷಮಿಸುವುದೆಂದರೆ ಆದದ್ದು ಆಗಲೇ ಇಲ್ಲವೆಂದು ನಟಿಸುವುದಲ್ಲ. ಕೀರ್ತನೆಗಳಲ್ಲಿ ಎಷ್ಟರವರೆಗೆ ಕರ್ತನೇ ಎಂದು ಕೂಗಿದವರ ದನಿಯಿದೆ, ಆ ದನಿ ನಿಮಗೂ ಸಲ್ಲುತ್ತದೆ. ನಂಬಿಕೆಗೆ ಅರ್ಹರಾದ ಒಬ್ಬರನ್ನಾದರೂ ಜೊತೆಗೆ ಕರೆದುಕೊಂಡು ಸಭಾಪಾಲಕರ ಬಳಿ ದೂರು ಹೇಳಿ. ಆ ಸಭೆ ಕಿವಿಗೊಡದಿದ್ದರೆ ಅದನ್ನು ಬಿಟ್ಟು ಬೇರೆ ಸಭೆಗೆ ಹೋಗುವುದು ವಿಶ್ವಾಸದಿಂದ ಬಿದ್ದುಹೋದಂತಲ್ಲ.

ಕೊನೆಯ ಹೆಜ್ಜೆ: ಮತ್ತೆ ಜಾರಿದಾಗ

ಜಾರುತ್ತೀರಿ. ದಣಿದಾಗ, ಹೆದರಿದಾಗ, ಕತ್ತಲ ಬೀದಿಯಲ್ಲಿ ಎದುರಿಗೆ ಒಬ್ಬ ಅಪರಿಚಿತ ಬಂದಾಗ ಹಳೆಯ ಯೋಚನೆ ಹೊಳೆದೇ ಹೊಳೆಯುತ್ತದೆ. ಅದು ಹೊಳೆದ ಕೂಡಲೇ ಗುರುತಿಸಿ, ಅಲ್ಲೇ ಒಪ್ಪಿಕೊಳ್ಳಿ, ಮುಂದಿನ ನಡೆಯನ್ನು ಅದರ ಕೈಗೆ ಕೊಡಬೇಡಿ. ನಿಮ್ಮ ತಪ್ಪನ್ನು ಮುಖದ ಮೇಲೆ ಹೇಳಬಲ್ಲ ಒಬ್ಬ ಪೌಲನನ್ನು ಗೊತ್ತುಮಾಡಿಕೊಳ್ಳಿ. ಅವರು ನಿಮ್ಮ ಜನಾಂಗದವರೇ ಆಗಿದ್ದರೂ ಪರವಾಗಿಲ್ಲ, ಹೇಳುವ ಧೈರ್ಯ ಇರಬೇಕು. ತಿಂಗಳಿಗೊಮ್ಮೆ ಕುಳಿತು ಮೂರನೆಯ ಹೆಜ್ಜೆಯಲ್ಲಿ ಬರೆದ ಕಾಗದವನ್ನು ಒಟ್ಟಿಗೆ ನೋಡಿ.

ವೇದಪಾಠದ ಆ ಪಟ್ಟಿ ಈಗ ನನ್ನ ಬಳಿ ಇಲ್ಲ. ಅಂದು ಕುರ್ಚಿ ಹಿಡಿದು ಪ್ರಶ್ನೆ ಕೇಳಿದವರೇ ಅದನ್ನು ನೋಡಿಕೊಳ್ಳುತ್ತಾರೆ. ಹಿಂದಿನ ಸಾಲಿನ ಅಮ್ಮ ತಿಂಗಳಿಗೊಮ್ಮೆ ಓದುತ್ತಾರೆ, ಬಹಳ ನಿಧಾನವಾಗಿ, ಬೆರಳನ್ನು ಸಾಲಿನ ಕೆಳಗೆ ಸರಿಸುತ್ತ. ಆ ದಿನಗಳಲ್ಲಿ ಕುರ್ಚಿ ಮಡಿಸಿಡುವ ಸರದಿ ನನ್ನದು.